ಗಂಟು ಹಾಕದ ಮೂಟೆ

ಪೊಂತೆರಾಸ್ಕೊ ಊರಿನ ಫುಟ್‌ಬಾಲ್ ತಂಡದವರು ಕರಿ ಅಂಗಿಯನ್ನೇ ಯಾಕೆ ತೊಡುತ್ತಾರೆ ಎಂದು ಕ್ಲಬ್ಬಿನ ಯಾರನ್ನಾದರೂ ಕೇಳಿ ನೋಡಿ. ಎದೆ ಉಬ್ಬಿಸಿಕೊಂಡು ಶುರು ಮಾಡುತ್ತಾರೆ. ಮೊದಲ ಮಹಾಯುದ್ಧ ಮುಗಿದ ಮೇಲೆ ಸಮಿತಿಯವರು ಸಭೆ ಸೇರಿದರಂತೆ, ಮಡಿದ ಆಟಗಾರರ ನೆನಪಿಗೆ ಹಳೆಯ ಹಸಿರು ಬಿಟ್ಟು ಕರಿ ತೊಡುವುದೆಂದು ಒಮ್ಮತದಿಂದ ತೀರ್ಮಾನಿಸಿದರಂತೆ, ಆಗ ಎಲ್ಲರ ಕಣ್ಣಲ್ಲೂ ನೀರಿತ್ತಂತೆ. ಬರೀ ಬುರುಡೆ. ಸಭೆಯೂ ಸೇರಲಿಲ್ಲ, ತೀರ್ಮಾನವೂ ಆಗಲಿಲ್ಲ. ಆ ಸಮಿತಿಯವರು ಒಮ್ಮತದಿಂದ ತೀರ್ಮಾನಿಸಿದ್ದು ಏನಾದರೂ ಇದ್ದರೆ ಅದು ಯಾವ ವೈನ್ ತರಿಸಬೇಕು ಅನ್ನುವುದು ಮಾತ್ರ. ಆಮೇಲೆ ಕೆಲವು ವರ್ಷಕ್ಕೆ ಕರಿ ಅಂಗಿ ತೊಟ್ಟು ದೊಣ್ಣೆ ಹಿಡಿದು ಬೀದಿಗಿಳಿದ ಫ್ಯಾಸಿಸ್ಟರಿಗೂ ಈ ಬಣ್ಣಕ್ಕೂ ಸಂಬಂಧ ಕಟ್ಟುವವರಿದ್ದಾರೆ. ಅವರ ಬಾಯಿಗೆ ಮಣ್ಣು ಬೀಳಲಿ. ಈ ಬಣ್ಣ ಅವರಿಗಿಂತ ಹಳೆಯದು. ಇದನ್ನು ಹಾಕಿದವಳು ಒಬ್ಬ ಹೆಂಗಸು, ಅದೂ ತಪ್ಪಿ ಹಾಕಿದ್ದು.

ಅವಳ ಹೆಸರು ಪಲ್ಮೀರಾ. ಹೊಳೆಯ ಸೇತುವೆ ಪಕ್ಕದಲ್ಲಿ, ಈಗ ಸೈಕಲ್ ಅಂಗಡಿ ಇದೆಯಲ್ಲ, ಅಲ್ಲೇ ಅವಳ ಬಣ್ಣದ ಮನೆ ಇತ್ತು. ಗಿರಣಿಗಳಿಗೆ ಅವರವರದೇ ದೊಡ್ಡ ಬಣ್ಣದ ಶೆಡ್ಡುಗಳಿದ್ದವು. ಪಲ್ಮೀರಾಳದು ಊರಿನವರ ಉಡುವ ಬಟ್ಟೆಗೆ: ಮಾಸಿದ ಕೋಟಿಗೆ, ಅಕ್ಕನಿಂದ ತಂಗಿಗೆ ಇಳಿದ ಲಂಗಕ್ಕೆ. ಗಂಡ ಸತ್ತ ಮೇಲೆ ಕೊಪ್ಪರಿಗೆಗಳನ್ನು ತಾನೇ ನೋಡಿಕೊಂಡಳು. ಕೆಲಸ ಮುಗಿದಾಗ ಬಣ್ಣದ ನೀರು ಗೋಡೆಯಲ್ಲಿನ ತೂತಿನಿಂದ ನೇರ ಹೊಳೆಗೆ ಬೀಳುತ್ತಿತ್ತು. ಸೇತುವೆ ಮೇಲೆ ಕೂತ ಮುದುಕರು ಹೊಳೆ ನೋಡಿಯೇ ಇವತ್ತು ಪಲ್ಮೀರಾಳ ಕೈಯಲ್ಲಿ ಯಾವ ಬಣ್ಣ ಎಂದು ಹೇಳುತ್ತಿದ್ದರು.

ಕ್ಲಬ್ಬಿನ ಮೊದಲ ಅಂಗಿಗಳಿಗೆ ಹಸಿರು ಹಾಕಿದ್ದು ಅವಳ ಗಂಡ. ಮಗ್ಗ ಜೋಡಿಸಲು ಸ್ವಿಟ್ಜರ್ಲೆಂಡಿನಿಂದ ಬಂದಿದ್ದ ಮೆಕ್ಯಾನಿಕ್ ಒಬ್ಬ ಹೋಗುವಾಗ ಚರ್ಮದ ಚೆಂಡೊಂದನ್ನು ಬಿಟ್ಟುಹೋದ. ಗಿರಣಿಯ ಹುಡುಗರು ಅದನ್ನು ಹೊಳೆಯಾಚೆಯ ಹುಲ್ಲುಗಾವಲಿಗೆ ತೆಗೆದುಕೊಂಡು ಹೋದರು. ಕ್ಲಬ್ ಹುಟ್ಟಿದ್ದು ಇಷ್ಟರಿಂದಲೇ. ಹುಲ್ಲಿನ ಯಜಮಾನ ಬೈದ, ಪಾದ್ರಿ ಭಾನುವಾರದ ಪೂಜೆಗೆ ಹುಡುಗರು ಬರುತ್ತಿಲ್ಲವೆಂದು ಬೈದರು, ಆಮೇಲೆ ಇಬ್ಬರೂ ಬಂದು ನಿಂತು ನೋಡತೊಡಗಿದರು. ಪಲ್ಮೀರಾಳ ಮಗ ಸೆಲ್ಸೊ ಎಡಗಡೆ ಆಡುತ್ತಿದ್ದ. ಓಡುವುದರಲ್ಲಿ ಅವನನ್ನು ಹಿಡಿಯುವವರಿರಲಿಲ್ಲ, ಆದರೆ ಬೀಳದೆ ಒಂದು ಆಟ ಮುಗಿಸಿದವನೂ ಅಲ್ಲ. ಬಿದ್ದರೆ ಎಡ ಭುಜದ ಮೇಲೇ ಬೀಳುತ್ತಿದ್ದ. ಅಂಗಿ ಅಲ್ಲೇ ಹರಿಯುತ್ತಿತ್ತು, ಪಲ್ಮೀರಾ ಅಲ್ಲೇ ಹೊಲಿಯುತ್ತಿದ್ದಳು. ಹೊಲಿದು ಹೊಲಿದು ಆ ಜಾಗ ಹಪ್ಪಳದಷ್ಟು ಅಗಲಕ್ಕೆ ದಪ್ಪಗಾಗಿತ್ತು.

"ಇನ್ನೊಂದು ಸಲ ಬಿದ್ರೆ ಅಂಗಿ ಬದ್ಲು ನಿನ್ ಚರ್ಮಾನೇ ಹೊಲೀತೀನಿ" ಎನ್ನುತ್ತಿದ್ದಳು.

"ಬಲಗಡೆ ಬೀಳ್ಲಾ ಅಮ್ಮ? ಆ ಕಡೆ ಇನ್ನೂ ಹೊಸದಾಗಿದೆ" ಎನ್ನುತ್ತಿದ್ದ ಅವನು.

ಆಮೇಲೆ ಯುದ್ಧ ಬಂತು, ಅಂಗಿಗಳು ಔಷಧಿ ಅಂಗಡಿಯ ಬರ್ಜೇಸಿಯೊ ಮನೆಯ ಅಟ್ಟ ಸೇರಿದವು, ಹುಡುಗರು ಗಡಿ ಸೇರಿದರು.

ಆ ಕಣಿವೆಯಲ್ಲಿ ಸಾವಾದ ಮನೆಯವರು ಗಂಟು ಹಾಕುವುದಿಲ್ಲ. ಹೋಗುವ ಜೀವಕ್ಕೆ ಗಂಟು ತೊಡಕಾಗುತ್ತದೆ ಎಂದು ಹಿರಿಯರು ಹೇಳುತ್ತಿದ್ದರು. ಯಾಕೆ ಎಂದು ಕೇಳಿದರೆ ಗದರಿಸುತ್ತಿದ್ದರು. ಶೋಕ ಮುಗಿಯುವ ತನಕ ಹೆಂಗಸರು ಏಪ್ರನ್ನಿನ ದಾರವನ್ನೂ ಕಟ್ಟದೆ ಸೊಂಟಕ್ಕೆ ಸಿಕ್ಕಿಸಿಕೊಳ್ಳುವುದು, ಗಂಡಸರು ಬೂಟಿನ ಲಾಡಿಯನ್ನು ಹಾಗೇ ಒಳಗೆ ತುರುಕಿಕೊಳ್ಳುವುದು. ಮನೆಯವರ ಬಟ್ಟೆಯನ್ನೆಲ್ಲ ಕರಿ ಮಾಡಿಸಬೇಕಲ್ಲ, ಆ ಮೂಟೆಯನ್ನೂ ಹಾಗೇ ತರುತ್ತಿದ್ದರು. ದುಪ್ಪಟಿಯೊಂದರಲ್ಲಿ ಬಟ್ಟೆ ಹಾಕಿ, ನಾಲ್ಕು ಮೂಲೆಗಳನ್ನು ಒಂದರ ಮೇಲೊಂದು ಮಡಿಸಿ, ಬಣ್ಣದ ಮನೆಯ ಬಾಗಿಲ ಪಕ್ಕದ ಕಲ್ಲುಬೆಂಚಿನ ಮೇಲಿಟ್ಟು ಹೋಗಿಬಿಡುವುದು. ಬಾಗಿಲು ತಟ್ಟುವಂತಿಲ್ಲ, ಮಾತಾಡುವಂತಿಲ್ಲ. ಬೇರೆ ಯಾವ ಬಣ್ಣಕ್ಕೆ ತಂದ ಮೂಟೆಗಾದರೂ ಬಿಗಿಯಾಗಿ ಗಂಟು ಹಾಕಿರುತ್ತಿತ್ತು, ತಂದವರು ಒಳಗೆ ಬಂದು ಒಂದು ಗಳಿಗೆ ಹರಟಿ ಹೋಗುತ್ತಿದ್ದರು. ಗಂಟಿಲ್ಲದಿದ್ದರೆ ಕರಿ. ಕೇಳುವುದೇ ಬೇಕಿರಲಿಲ್ಲ.

ಯುದ್ಧದ ಮೊದಲ ವರ್ಷ ಪಲ್ಮೀರಾ ಆ ಮೂಟೆಗಳನ್ನು ಬಿಡಿಸಿ ನೋಡುತ್ತಿದ್ದಳು. ನೋಡಿದರೆ ಗುರುತು ಸಿಗುತ್ತಿತ್ತು. ಇದು ಅಡಾಲ್ಜೀಸಾಳ ಮದುವೆಯ ಜಾಕೀಟು, ಇದು ಅವಳ ಚಿಕ್ಕ ಮಗಳ ಹೂವಿನ ಲಂಗ. ಹೂವೆಲ್ಲ ಕರಿ ನೀರಿನಲ್ಲಿ ಮುಳುಗುವುದನ್ನು ನೋಡಿದ ದಿನ ಊಟ ಸೇರುತ್ತಿರಲಿಲ್ಲ. ಪಕ್ಕದ ಮನೆಯ ಮದ್ಲೇನಾಳ ಇಬ್ಬರು ಗಂಡುಮಕ್ಕಳೂ ಒಂದೇ ಚಳಿಗಾಲದಲ್ಲಿ ಹೋದರು. ಅವಳ ಮೂಟೆ ಬಂದಾಗ ಪಲ್ಮೀರಾ, ತನ್ನ ಗಂಡ ಸತ್ತಾಗ ಉಟ್ಟಿದ್ದ ಕರಿ ಉಡುಪನ್ನೂ ಅದರ ಜೊತೆ ಇಟ್ಟು ಕೊಟ್ಟುಬಿಟ್ಟಳು. ತನ್ನ ಮನೆಯಲ್ಲಿ ಕರಿ ಅನ್ನುವುದೇ ಇರಬಾರದು ಅಂತ ಕೊಟ್ಟದ್ದು. ಅಲ್ಲಿಂದ ಮುಂದೆ ನೋಡುವುದನ್ನು ಬಿಟ್ಟಳು. ಮುಖವನ್ನು ಕಿಟಕಿಯ ಕಡೆ ತಿರುಗಿಸಿಕೊಂಡು ಮೂಟೆಯನ್ನು ಕೊಪ್ಪರಿಗೆಯ ಬಾಯಿಗೆ ಬೋರಲು ಹಾಕುವುದು, ಕೋಲಿನಿಂದ ಒತ್ತುವುದು, ಎಲ್ಲ ಕರಿಯಾದ ಮೇಲೆಯೇ ತಿರುಗುವುದು. ಕರಿಯಾದ ಮೇಲೆ ಎಲ್ಲವೂ ಒಂದೇ, ಯಾರದು ಎಂದು ಗೊತ್ತಾಗುವುದಿಲ್ಲ. ಕರಿ ಬಣ್ಣಕ್ಕೆ ಬೆರೆಸುವ ಅನ್ನಭೇದಿಯ ನೀರಿನಲ್ಲಿ ಆಡಿ ಆಡಿ ಅವಳ ಕೈಗಳು ಮೊಣಕೈವರೆಗೂ ಕರಿಗಟ್ಟಿದ್ದವು. ಹೊಳೆಯೂ ಕರಿಯಾಗಿಯೇ ಹರಿಯುತ್ತಿತ್ತು. ಯುದ್ಧ ಮುಗಿಯುವ ಹೊತ್ತಿಗೆ ಊರಿಗೇ ಮಾರಿ ಜ್ವರ ಬಂತು, ಕರಿ ಕೊಪ್ಪರಿಗೆಯ ಒಲೆ ಆರಿಸುವುದಕ್ಕೇ ಆಗಲಿಲ್ಲ.

ಸೆಲ್ಸೊ ವಿಷಯ ಬಂದದ್ದು ಯುದ್ಧ ಮುಗಿಯುವುದಕ್ಕೆ ಒಂದು ವರ್ಷ ಮೊದಲು, ಸೈನ್ಯ ಹಿಂದೆ ಸರಿದ ಆ ಶರತ್ಕಾಲದಲ್ಲಿ. ಪುರಸಭೆಯ ಜವಾನ ಬಂದು ಟೊಪ್ಪಿಗೆ ತೆಗೆದು ನಿಂತ. ಪತ್ತೆಯಿಲ್ಲ, ಎಂದ. ಸತ್ತ ಎನ್ನಲಿಲ್ಲ.

"ಪತ್ತೆ ಇಲ್ಲ ಅಂದ್ರೆ ಹುಡುಕ್ತಿದ್ದಾರೆ ಅಂತ ತಾನೇ?" ಎಂದು ಕೇಳಿದಳು ಪಲ್ಮೀರಾ.

"ಹಂಗೇ ಅಂದ್ಕೊಳಮ್ಮ" ಎಂದು ಅವನು ಹೋದ.

ಹಾಗೇ ಅಂದುಕೊಂಡಳು. ಕರಿ ಹಾಕಿದರೆ ಮಗ ಸತ್ತ ಹಾಗೆ, ಹಾಕದಿದ್ದರೆ ಇನ್ನೂ ದಾರಿಯಲ್ಲಿದ್ದಾನೆ. ಅವಳ ಪಾಲಿಗೆ ಇಷ್ಟೇ. ಊರಿನ ಹೆಂಗಸರಿಗೆಲ್ಲ ಕರಿ ಹಾಕಿಕೊಟ್ಟವಳು ತಾನು ಮಾತ್ರ ಇಟ್ಟಿಗೆ ಬಣ್ಣದ ಲಂಗ ಉಟ್ಟು ಇಗರ್ಜಿಗೆ ಹೋದಳು. ಅತ್ತಳೇ ಎಂದರೆ ಇಲ್ಲ. ಆಸೆ ಇಟ್ಟುಕೊಂಡಿದ್ದಳೇ ಎಂದರೆ ಅದೂ ಇಲ್ಲ. ಒಳಗೆ ಏನೂ ಇರಲಿಲ್ಲ. ಬೆಳಿಗ್ಗೆ ಎದ್ದು ಒಲೆ ಹಚ್ಚುವಳು, ಮಧ್ಯಾಹ್ನ ಮೆಕ್ಕೆಜೋಳದ ಹಿಟ್ಟಿನ ಪೊಲೆಂತ ತಿರುವುವಳು, ತಿಂದಳೋ ಬಿಟ್ಟಳೋ ತಟ್ಟೆ ನೋಡಿದರೆ ತಿಳಿಯುತ್ತಿತ್ತು, ಅವಳಿಗೆ ತಿಳಿಯುತ್ತಿರಲಿಲ್ಲ. ಕೈ ಸುಟ್ಟರೆ ವಾಸನೆ ಬಂದ ಮೇಲೆ ನೋಡುವಳು. ಹೆಂಗಸರು ಆಡಿಕೊಂಡರು. ಮದ್ಲೇನಾ ಹಿಂದೆ ಆಡಿಕೊಳ್ಳುವವಳಲ್ಲ, ಮುಖಕ್ಕೇ ಹೇಳಿದಳು.

"ಅಲ್ಲ ಕಣೆ, ನಿನ್ ಕರೀನ ನಂಗೆ ಉಡ್ಸಿ ನೀನು ಬಣ್ಣದ ಲಂಗ ಬೀಸ್ಕೊಂಡು ಓಡಾಡ್ತೀಯಲ್ಲ. ನನ್ ಮಕ್ಳು ಮಾತ್ರ ಸತ್ತಿದ್ದಾ?"

"ನಿನ್ ಮಕ್ಳು ಸತ್ರು ಅಂತ ಹೇಳಿದ್ರು. ನನ್ ಮಗಂದು ಹೇಳಿಲ್ಲ."

"ಯಾರು ಹೇಳ್ಬೇಕು ನಿಂಗೆ? ಸೆಕೊಂದೊ ಬಂದಿದ್ದಾನಲ್ಲ, ಹೋಗಿ ಕೇಳು."

ಪಲ್ಮೀರಾ ಬಾಲ್ದಿ ಎತ್ತಿಕೊಂಡು ಒಳಗೆ ಹೋದಳು.

ಸೆಕೊಂದೊ ತಂಡದ ನಾಯಕ, ಸೆಲ್ಸೊ ಜೊತೆ ಒಂದೇ ತುಕಡಿಯಲ್ಲಿದ್ದವನು. ಬಲಗೈಯನ್ನು ಮೊಣಕೈ ಕೆಳಗೆ ಕಳೆದುಕೊಂಡು, ಆಸ್ಪತ್ರೆಯಲ್ಲಿ ಬಹಳ ಕಾಲ ಇದ್ದು, ಯುದ್ಧ ಮುಗಿದ ಚಳಿಗಾಲದಲ್ಲಿ ಊರಿಗೆ ಮರಳಿದ್ದ. ಬಂದಾಗಿನಿಂದ ಪಲ್ಮೀರಾಳ ಮನೆ ಮುಂದಿನ ಸೇತುವೆ ತುಳಿದಿರಲಿಲ್ಲ. ಗಿರಣಿಗೆ ಹೋಗಲು ಕೆಳಗಿನ ಹಲಗೆ ದಾರಿ ಹಿಡಿಯುತ್ತಿದ್ದ, ಅದು ಸುತ್ತು. ಪಲ್ಮೀರಾಗೂ ಅದು ಕಾಣುತ್ತಿತ್ತು. ಅವಳೂ ಅವನ ಮನೆ ಬೀದಿಗೆ ಕಾಲಿಡಲಿಲ್ಲ. ಕೇಳಬೇಕಾದವಳು ಕೇಳಲಿಲ್ಲ, ಹೇಳಬೇಕಾದವನು ಹೇಳಲಿಲ್ಲ. ಊರು ಸುಮ್ಮನೆ ನೋಡುತ್ತಿತ್ತು.

ವಸಂತ ಬಂದಾಗ ಕ್ಲಬ್ಬನ್ನು ಮತ್ತೆ ಎಬ್ಬಿಸಬೇಕೆಂಬ ಹುಕಿ ಬರ್ಜೇಸಿಯೊಗೆ ಹತ್ತಿತು. ಅವನು ಕ್ಲಬ್ಬಿನ ಅಧ್ಯಕ್ಷ, ಔಷಧಿ ಅಂಗಡಿಯವನಾದ್ದರಿಂದ ಊರಿಗೆಲ್ಲ ಡಾಕ್ಟ್ರು. ಚೆಂಡನ್ನು ಒಂದು ಸಲವೂ ಒದ್ದವನಲ್ಲ, ಆದರೆ ಮಾತು ಮಾತ್ರ ಗೋಲು ಹೊಡೆದವನದು. ಒಂದು ಭಾನುವಾರ ಪೂಜೆ ಮುಗಿದು ಹೊರಗೆ ಬರುವಾಗ ಪಲ್ಮೀರಾಳನ್ನು ತಡೆದ.

"ಏನು ಪಲ್ಮೀರಾ, ಹಸಿರು ಹಾಕೋದು ಮರ್ತಿಲ್ಲ ತಾನೇ?"

"ನೀವು ಭೇದಿಗೆ ಔಷಧಿ ಕೊಡೋದು ಮರ್ತಿದ್ದೀರಾ ಡಾಕ್ಟ್ರೆ?"

"ಮುಂದಿನ ಭಾನುವಾರ ಮ್ಯಾಚ್ ಇಟ್ಕೊಂಡಿದ್ದೀವಿ. ಬಸ್ಸೊರಿವಾದವರು ಬರ್ತಾರೆ. ಅಂಗಿಗಳು ಅಟ್ಟದಲ್ಲೇ ಇವೆ, ಬಣ್ಣ ಮಾತ್ರ ಒಣಹುಲ್ಲಿನ ಹಾಗಾಗಿದೆ. ಹನ್ನೊಂದಕ್ಕೂ ಹೊಸದಾಗಿ ಹಸಿರು ಹಾಕ್ಕೊಡ್ಬೇಕು." ಅವನು ತನ್ನ ಬೂಟು ನೋಡಿಕೊಂಡ. "ಸೆಲ್ಸೋದೂ ಇದೆ. ಬೇಡ ಅಂದ್ರೆ ಅದನ್ನ ತೆಗ್ದಿಡ್ತೀನಿ."

"ತೆಗ್ದಿಡೋಕೆ ಅದೇನು ಇಗರ್ಜಿಲಿಡೋ ಸಂತರ ಮೂಳೆನಾ? ಅವ್ನು ಬರೋವರ್ಗೂ ಯಾರಾದ್ರೂ ಹಾಕ್ಕೊಳ್ಲಿ. ಬಂದ್ಮೇಲೆ ಬಿಚ್ಚಿ ಕೊಟ್ರೆ ಆಯ್ತು."

"ಆಯ್ತು, ಆಯ್ತು. ಶುಕ್ರವಾರ ಬೆಳಿಗ್ಗೆ ಸೆಕೊಂದೊ ತಂದ್ಕೊಡ್ತಾನೆ" ಎಂದು ಅವನು ಬೇಗ ಹೊರಟುಹೋದ.

ಶುಕ್ರವಾರ ಊರಿಗೇ ಹಬ್ಬದ ಕಳೆ ಬಂದಿತ್ತು ಅಂದರೆ ಹೆಚ್ಚಾದೀತು, ಆದರೂ ಸೇತುವೆ ಮೇಲಿನ ಮುದುಕರು ಅಂದು ಬೇಗ ಬಂದು ಕೂತಿದ್ದರು. ಎಷ್ಟೋ ವರ್ಷದ ಮೇಲೆ ಹೊಳೆ ಹಸಿರಾಗುವುದನ್ನು ನೋಡಬೇಕಿತ್ತು. ಪಲ್ಮೀರಾ ಹಸಿರಿಗೆಂದು ನೀಲಿ ಕೊಪ್ಪರಿಗೆ, ಹಳದಿ ಕೊಪ್ಪರಿಗೆ ಎರಡಕ್ಕೂ ಒಲೆ ಹಚ್ಚಿದಳು. ಕರಿಯದು ಎಂದಿನಂತೆ ಕುದಿಯುತ್ತಲೇ ಇತ್ತು. ಸೆಕೊಂದೊ ಬಂದು ಬಾಗಿಲು ತಟ್ಟುತ್ತಾನೆ, ಮೂಟೆ ಕೊಡುತ್ತಾನೆ, ಒಂದು ಗಳಿಗೆ ನಿಲ್ಲುತ್ತಾನೆ. ನಿಂತರೆ ಏನು ಹೇಳುತ್ತಾನೋ. ಅದನ್ನು ಯೋಚಿಸದೆ ಇರಲು ಅವಳು ಸೌದೆ ಒಡೆದಳು, ಬೇಕಾದ್ದಕ್ಕಿಂತ ಹೆಚ್ಚೇ ಒಡೆದಳು.

ಯಾರೂ ಬಾಗಿಲು ತಟ್ಟಲಿಲ್ಲ. ಬಿಸಿಲು ಕಿಟಕಿಯಿಂದ ಒಳಗೆ ಬಂದ ಮೇಲೆ ಬಾಗಿಲು ತೆರೆದು ನೋಡಿದಳು. ಕಲ್ಲುಬೆಂಚಿನ ಮೇಲೆ ಒಂದು ಮೂಟೆ ಇತ್ತು. ನಾಲ್ಕು ಮೂಲೆಗಳನ್ನೂ ಒಂದರ ಮೇಲೊಂದು ಮಡಿಸಿತ್ತು, ಗಂಟು ಹಾಕಿರಲಿಲ್ಲ.

ಯಾರ ಮನೆಯದು ಎಂದೂ ಯೋಚಿಸಲಿಲ್ಲ. ಊರಿನಿಂದ ಆ ಜ್ವರ ಇನ್ನೂ ಪೂರ್ತಿ ಹೋಗಿರಲಿಲ್ಲ, ಯಾರ ಮನೆಯದಾದರೂ ಇರಬಹುದು. ಮೂಟೆಯನ್ನು ಎದೆಗವಚಿಕೊಂಡು ಒಳಗೆ ತಂದಳು. ಮುಖವನ್ನು ಕಿಟಕಿಯ ಕಡೆ ತಿರುಗಿಸಿದಳು. ಕರಿ ಕೊಪ್ಪರಿಗೆಗೆ ಬೋರಲು ಹಾಕಿದಳು. ಕೋಲಿನಿಂದ ಒತ್ತಿದಳು. ಕಿಟಕಿಯಾಚೆ ಮದ್ಲೇನಾ ಕೋಳಿಗೆ ಕಾಳು ಹಾಕುತ್ತಿದ್ದದ್ದು ಕಾಣುತ್ತಿತ್ತು. ಒಂದು ಕೋಳಿ ಕುಂಟುತ್ತಿತ್ತು. ಅದನ್ನೇ ನೋಡುತ್ತ ಕೋಲು ತಿರುವಿದಳು, ಸೆಕೊಂದೊ ಇನ್ನೂ ಬರಲಿಲ್ಲವಲ್ಲ ಎಂದುಕೊಂಡಳು.

ಹೊತ್ತು ಕಳೆದು ಬಟ್ಟೆಗಳನ್ನು ಎತ್ತಿ ಹಲಗೆಯ ಮೇಲೆ ಸುರಿದಾಗ ಭಾರ ಹೆಚ್ಚೆನ್ನಿಸಿತು. ಎಲ್ಲ ಉಣ್ಣೆ. ಲಂಗವಿಲ್ಲ, ಮಕ್ಕಳ ಬಟ್ಟೆ ಒಂದೂ ಇಲ್ಲ. ಒಂದನ್ನು ಹಿಂಡಲು ಹಿಡಿದಳು. ಎಡ ಭುಜದ ಬಳಿ ಬೆರಳಿಗೆ ದಪ್ಪಗೆ ಏನೋ ಸಿಕ್ಕಿತು. ಹಪ್ಪಳದಷ್ಟು ಅಗಲ. ಬಣ್ಣ ಎಲ್ಲವನ್ನೂ ಒಂದು ಮಾಡಿದರೂ ಹೊಲಿಗೆಯ ಗೀರುಗಳು ಬೆರಳಿಗೆ ಹತ್ತುತ್ತಿದ್ದವು. ಅವಳದೇ ಹೊಲಿಗೆ. ಒಂದೊಂದು ಗೀರೂ ಒಂದೊಂದು ಭಾನುವಾರದ್ದು.

ಪಲ್ಮೀರಾ ಅದನ್ನು ಹಲಗೆಯ ಮೇಲೆ ಹಾಸಿದಳು, ತೋಳುಗಳನ್ನು ನೇರ ಮಾಡಿದಳು, ಸುಮ್ಮನೆ ನಿಂತಳು. ಏನಾದರೂ ಆಗಬೇಕಿತ್ತು. ಎದೆ ಒಡೆಯಬೇಕಿತ್ತು, ಕೂಗಬೇಕಿತ್ತು. ಏನೂ ಆಗಲಿಲ್ಲ. ಕೋಲು ಇನ್ನೂ ಕೈಯಲ್ಲೇ ಇತ್ತು. ಮಗನಿಗೆ ಕರಿ ಹಾಕಿಬಿಟ್ಟೆ, ಎಂದುಕೊಂಡಳು, ಬೇರೆಯವರ ಮನೆಯ ಸುದ್ದಿ ಅಂದುಕೊಂಡ ಹಾಗೆ. ಆಮೇಲೆ ಗೋಡೆಯ ತೂತಿನ ಅಡ್ಡಮಣೆ ಎತ್ತಿ ಬಟ್ಟೆಯಿಂದ ಸುರಿದ ನೀರನ್ನು ಹೊಳೆಗೆ ಬಿಟ್ಟಳು, ಯಾಕೆಂದರೆ ಬಟ್ಟೆ ಎತ್ತಿದ ಮೇಲೆ ನೀರು ಬಿಡುವುದು ರೂಢಿ.

ಸೇತುವೆ ಮೇಲಿನ ಮುದುಕರು ಕಪ್ಪು ನೀರು ನೋಡಿದರು. ಒಬ್ಬ ಎದ್ದು ಹೋಗಿ ಹುಲ್ಲುಗಾವಲಿನಲ್ಲಿ ಗೋಲಿನ ಕಂಬ ನೆಡುತ್ತಿದ್ದವರಿಗೆ ಹೇಳಿದ. ಸೆಕೊಂದೊ ಓಡಿ ಬಂದ, ಈ ಸಲ ಮೇಲಿನ ಸೇತುವೆಯ ಮೇಲೆಯೇ. ಬಾಗಿಲಲ್ಲಿ ನಿಂತ. ಹಲಗೆಯ ಮೇಲಿನ ಹನ್ನೊಂದು ಕರಿ ಅಂಗಿಗಳನ್ನು ನೋಡಿದ.

"ದೊಡ್ಡಮ್ಮ, ಡಾಕ್ಟ್ರು ಹಸಿರು ಅಂತ ಹೇಳಿದ್ರಲ್ಲ."

"ಗಂಟು ಯಾಕೆ ಹಾಕ್ಲಿಲ್ಲ ನೀನು?" ಪಲ್ಮೀರಾಳ ದನಿ ಏರಲಿಲ್ಲ. "ಈ ಊರಲ್ಲೇ ಹುಟ್ಟಿದೋನು ತಾನೇ? ಗಂಟಿಲ್ದೆ ಮೂಟೆ ಇಟ್ರೆ ಏನು ಅಂತ ಗೊತ್ತಿಲ್ವಾ?"

ಸೆಕೊಂದೊ ಬಲಗಡೆಯ ಖಾಲಿ ತೋಳನ್ನು ಸ್ವಲ್ಪ ಎತ್ತಿದ.

"ಯಾವ ಕೈಲಿ ಹಾಕ್ಲಿ ದೊಡ್ಡಮ್ಮ?"

ಒಲೆಯಲ್ಲಿ ಸೌದೆ ಚಟಪಟ ಎಂದಿತು. ಪಲ್ಮೀರಾ ಆ ತೋಳನ್ನು ನೋಡಿದಳು. ಕೈ ಹೋಗಿದೆ ಎಂದು ಕೇಳಿದ್ದಳು, ಹತ್ತಿರದಿಂದ ನೋಡಿರಲಿಲ್ಲ.

"ನಿಮ್ಮಮ್ಮನ ಕೇಳ್ಬಹುದಿತ್ತು."

"ಗಿರಣಿಗೆ ಹೋಗಿದ್ಲು. ಹಲ್ಲಲ್ಲಿ ಕಚ್ಚಿ ಎಳ್ದೆ, ಜಾರ್ತು. ಇನ್ನೂ ಕಲ್ತಿಲ್ಲ."

"ಬಾಗಿಲು ತಟ್ಟೋಕೆ ಒಂದು ಕೈ ಸಾಕಿತ್ತಲ್ಲ."

ಅವನು ಹೊಸ್ತಿಲು ನೋಡಿದ. "ಬಂದಿದ್ದೆ. ನಿಂತಿದ್ದೆ. ಒಳಗೆ ನೀವು ಸೌದೆ ಒಡೀತಿದ್ರಿ. ತಟ್ಟೋಕಾಗ್ಲಿಲ್ಲ."

ಯಾಕೆ ಎಂದು ಅವಳು ಕೇಳಬೇಕಿತ್ತು. ಕೇಳುವಷ್ಟರಲ್ಲಿ ಬರ್ಜೇಸಿಯೊ ಏದುಸಿರು ಬಿಡುತ್ತ ಬಂದ. ತಲೆ ಮೇಲೆ ಕೈ ಹೊತ್ತ. ಕಾಗೆ ಹಿಂಡಿನ ಹಾಗಿದೆಯಲ್ಲೇ ಎಂದ, ಬಸ್ಸೊರಿವಾದವರು ನಕ್ಕು ಸಾಯುತ್ತಾರೆ ಎಂದ.

"ಇದರ್ ಮೇಲೆ ಹಸಿರು ಹಾಕೋಕಾಗಲ್ವಾ?"

"ಕರಿ ಮೇಲೆ ಏನೂ ಹತ್ತಲ್ಲ ಡಾಕ್ಟ್ರೆ."

"ತೆಗೆಯೋಕೆ?"

"ಹೋಗಲ್ಲ. ಉಣ್ಣೆ ಹೋದ್ಮೇಲೂ ಕರಿ ಇರತ್ತೆ" ಎಂದು ಪಲ್ಮೀರಾ ಹೇಳಿ ಅಂಗಿಗಳನ್ನು ಹಗ್ಗಕ್ಕೆ ಹಾಕತೊಡಗಿದಳು. ಸೆಲ್ಸೋದನ್ನು ಕೊನೆಗೆ ಹಾಕಿದಳು.

ಭಾನುವಾರ ಹುಲ್ಲುಗಾವಲಿಗೆ ಊರೆಲ್ಲ ಬಂದಿತ್ತು. ಬೇರೆ ಅಂಗಿ ಎಲ್ಲಿಂದ ತರುವುದು, ಕರಿ ಅಂಗಿಯಲ್ಲೇ ಹುಡುಗರು ಗದ್ದೆಯ ಬದುವಿನಿಂದ ಇಳಿದರು. ಹಳಬರು ಐದು ಜನ, ಉಳಿದವರು ಹೊಸಬರು. ಸಾಲಾಗಿ ಬಂದು ನಿಂತಾಗ ಜನ ಮಾತು ನಿಲ್ಲಿಸಿದರು. ಎದುರಿಗೆ ಕೆಂಪು ತೊಟ್ಟ ಬಸ್ಸೊರಿವಾದವರೂ ನಿಂತರು, ಒಬ್ಬನೂ ನಗಲಿಲ್ಲ. ಗಂಡಸರು ಒಬ್ಬೊಬ್ಬರಾಗಿ ಟೊಪ್ಪಿಗೆ ತೆಗೆದರು. ಬಸ್ಸೊರಿವಾದ ನಾಯಕ ಮುಂದೆ ಬಂದು ಬರ್ಜೇಸಿಯೊನ ಕೈ ಹಿಡಿದುಕೊಂಡ.

"ನಮ್ಮೋರೂ ಆರು ಜನ ಹೋದ್ರು. ನಮಗಿದು ಹೊಳೀಲೇ ಇಲ್ಲ ನೋಡಿ" ಎಂದ.

ಬರ್ಜೇಸಿಯೊ ಮೀಸೆ ಸವರಿಕೊಂಡು, "ಹೌದು, ಸಮಿತಿಯಲ್ಲಿ ಎಲ್ಲರೂ ಕೂತು ತೀರ್ಮಾನ ಮಾಡಿದ್ವಿ" ಎಂದ. ಬುರುಡೆ ಹುಟ್ಟಿದ್ದು ಆ ಗಳಿಗೆಯಲ್ಲಿ. ಅವನ ಹಿಂದೆ ಕರಿ ಉಡುಪಿನ ಹೆಂಗಸರ ನಡುವೆ ಇಟ್ಟಿಗೆ ಬಣ್ಣದ ಲಂಗ ಉಟ್ಟು ನಿಂತಿದ್ದ ಪಲ್ಮೀರಾ ಅದನ್ನು ಕೇಳಿಸಿಕೊಂಡಳು. ಅವಳಿಗೆ ಸಿಟ್ಟೂ ಬರಲಿಲ್ಲ.

ಅವಳು ಹುಡುಕುತ್ತಿದ್ದದ್ದು ಒಂದು ಅಂಗಿಯನ್ನು. ಎಡಗಡೆ ನಿಂತಿದ್ದವನು ಎವಾರಿಸ್ತೊ ಎಂಬ ಹೊಸಬ, ಗಿರಣಿಯಲ್ಲಿ ಉಣ್ಣೆ ಬಿಡಿಸುವವನು, ಗಡ್ಡ ಬಲಿತ ಆಳು. ಭುಜದ ತೇಪೆ ದೂರಕ್ಕೂ ತಿಳಿಯುತ್ತಿತ್ತು, ಅಥವಾ ಅವಳಿಗೆ ಮಾತ್ರ ತಿಳಿಯುತ್ತಿತ್ತು. ಅವನು ಚೆನ್ನಾಗಿಯೇ ಆಡಿದ. ಸೆಲ್ಸೋನಷ್ಟು ವೇಗವಿಲ್ಲ, ಆದರೆ ಗಟ್ಟಿ. ಆಟ ಮುಗಿಯುವ ತನಕ ಪಲ್ಮೀರಾ ಅವನೊಬ್ಬನನ್ನೇ ನೋಡಿದಳು. ಒಂದು ಸಲ ಬೀಳಲಿ ಎಂದು ಕಾದಳು. ಅವನು ಒಂದು ಸಲವೂ ಬೀಳಲಿಲ್ಲ. ತೇಪೆ ಹಾಗೇ ಉಳಿಯಿತು. ಇನ್ನು ಅದನ್ನು ಹೊಲಿಯುವ ಕೆಲಸವಿಲ್ಲ ಎಂದು ಅವಳಿಗೆ ಹೊಳೆದದ್ದು ಆಗಲೇ.

ಊರಿನವರು ಸೋತರು. ಬಣ್ಣ ಸರಿಯಾಗಿ ಜಾಲಾಡಿಸಿರಲಿಲ್ಲವಾಗಿ ಬೆವರಿಗೆ ಕರಿ ಇಳಿದು ಆಟಗಾರರ ಕುತ್ತಿಗೆ, ಕೈ, ಮೊಣಕಾಲೆಲ್ಲ ಮಸಿಯಾಗಿತ್ತು. ಗೋಲ್‌ಕೀಪರ್ ಮುಖ ಒರೆಸಿಕೊಂಡು ಕಲ್ಲಿದ್ದಲಿನ ಗಣಿಯಿಂದ ಎದ್ದುಬಂದವನ ಹಾಗೆ ಕಂಡ. ಮದ್ಲೇನಾ ಅವನನ್ನು ನೋಡಿ ಕಿಸಕ್ಕನೆ ನಕ್ಕಳು, ನಕ್ಕು ಬಾಯಿ ಮುಚ್ಚಿಕೊಂಡಳು, ಮುಚ್ಚಿಕೊಂಡ ಕೈಯ ಹಿಂದೆ ಅಳತೊಡಗಿದಳು. ಪಲ್ಮೀರಾ ಅವಳ ಬೆನ್ನ ಮೇಲೆ ಕೈ ಇಟ್ಟು ನಿಂತಳು. ಆ ಕೈಗೆ ಮದ್ಲೇನಾ ಉಟ್ಟಿದ್ದ ತನ್ನದೇ ಹಳೆಯ ಉಡುಪಿನ ಬಟ್ಟೆ ತಾಗಿತು.

ಸಂಜೆ ಬೆಳಕಿರುವಾಗಲೇ ಸೆಕೊಂದೊ ಅಂಗಿಗಳನ್ನು ಬುಟ್ಟಿಯಲ್ಲಿ ಹಾಕಿಕೊಂಡು ಬಂದ. ಈ ಸಲ ಬಾಗಿಲು ತಟ್ಟಿದ.

"ಜಾಲಾಡಿಸ್ಬೇಕಂತೆ. ಡಾಕ್ಟ್ರು ಕಳ್ಸಿದ್ರು. ಇನ್ಮುಂದೆ ಇದೇ ಬಣ್ಣ ಅಂತ ಹೇಳ್ತಿದ್ದಾರೆ."

"ಬಾ" ಎಂದಳು ಪಲ್ಮೀರಾ. ಅಂಗಿಗಳನ್ನು ತಣ್ಣೀರಿನ ತೊಟ್ಟಿಗೆ ಹಾಕಿದಳು. ಅವನಿಗೆ ಬೆನ್ನು ಮಾಡಿಕೊಂಡೇ ಕೇಳಿದಳು. "ನೀನು ಅವ್ನ ಜೊತೇಲಿದ್ಯಾ?"

"ಇದ್ದೆ."

"ಹೇಳು."

ಸೆಕೊಂದೊ ಬುಟ್ಟಿಯನ್ನು ಕೆಳಗಿಟ್ಟ. "ತಾಲ್ಯಮೆಂತೊ ಹೊಳೆ ದಾಟೋಕೆ ಮುಂಚೆ. ರಸ್ತೆ ತುಂಬಾ ಜನ, ಗಾಡಿ. ಮೇಲಿಂದ ಗುಂಡು ಬಿತ್ತು. ಅವ್ನು ನನ್ ಎಡಗಡೆ ಇದ್ದ. ಚರಂಡಿಗೆ ಎಳ್ಕೊಂಡೆ. ಹೊಟ್ಟೇಲಿತ್ತು. ಜಾಸ್ತಿ ಹೊತ್ತು ಆಗ್ಲಿಲ್ಲ ದೊಡ್ಡಮ್ಮ. ನನ್ ಕೈ ಹಿಡ್ಕೊಂಡಿದ್ದ. ಆಮೇಲೆ ಬಿಟ್ಬಿಟ್ಟ. ನನ್ ಮೇಲಂಗಿ ಹೊದ್ಸಿದೆ. ಅಲ್ಲೇ ಬಿಟ್ಟು ಬರ್ಬೇಕಾಯ್ತು. ನೂಕ್ತಿದ್ರು."

"ಯಾವ ಕೈ ಹಿಡ್ಕೊಂಡಿದ್ದ?"

ಅವನು ಖಾಲಿ ತೋಳನ್ನು ನೋಡಿಕೊಂಡ. ಹೇಳುವುದು ಬೇಕಿರಲಿಲ್ಲ.

"ಮೊದ್ಲೇ ಯಾಕೆ ಹೇಳ್ಲಿಲ್ಲ?"

"ಬಣ್ಣದ ಲಂಗದಲ್ಲಿ ನೋಡ್ತಿದ್ದೆ ನಿಮ್ಮನ್ನ, ದೂರದಿಂದ. ಆ ಲಂಗ ನೋಡಿದ್ರೆ ನಂಗೂ ಅವ್ನು ಬರ್ತಾನೇನೋ ಅನ್ನಿಸ್ತಿತ್ತು. ನಾನೇ ಹೊದ್ಸಿ ಬಂದೋನು, ನಂಗೇ ಹಂಗನ್ನಿಸ್ತಿತ್ತು."

ಪಲ್ಮೀರಾ ಒಳಕೋಣೆಗೆ ಹೋದಳು. ಕೆಲಸಕ್ಕೆ ಉಡುವ ಗೋಣಿ ಬಟ್ಟೆಯ ಲಂಗಕ್ಕೆ ಬದಲಾಯಿಸಿಕೊಂಡು, ಏಪ್ರನ್ ಸುತ್ತಿ, ಇಟ್ಟಿಗೆ ಬಣ್ಣದ ಲಂಗವನ್ನು ಕೈಯಲ್ಲಿ ಹಿಡಿದು ಬಂದಳು. ಕರಿ ಕೊಪ್ಪರಿಗೆಯ ಮುಂದೆ ನಿಂತಳು. ಮುಖ ತಿರುಗಿಸಲಿಲ್ಲ. ಲಂಗ ಮೊದಲು ಗಾಳಿ ತುಂಬಿಕೊಂಡು ಮೇಲೆ ತೇಲಿತು, ಅಂಚಿನಿಂದ ಕಪ್ಪು ಏರಿತು, ನಡುವೆ ಒಂದು ಚೂರು ಕೆಂಪು ಉಳಿಯಿತು. ಕೋಲಿನಿಂದ ಆ ಚೂರನ್ನೂ ಒತ್ತಿದಳು. ಕೊನೆಯವರೆಗೂ ನೋಡಿದಳು.

"ಈ ಕಡೆ ತುದಿ ಹಿಡ್ಕೋ" ಎಂದಳು, ಎತ್ತಿದ ಮೇಲೆ. "ಒಬ್ಳೇ ಹಿಂಡೋಕಾಗಲ್ಲ, ಭಾರ."

ಸೆಕೊಂದೊ ಎಡಗೈಯಲ್ಲಿ ತುದಿ ಸುತ್ತಿಕೊಂಡು, ಎದೆಗೊತ್ತಿ ಹಿಡಿದು, ಕಾಲು ಊರಿ ನಿಂತ. ಅವಳು ಇನ್ನೊಂದು ತುದಿ ತಿರುಚಿದಳು. ಇಬ್ಬರ ನಡುವೆ ಕರಿ ನೀರು ಸುರಿಯಿತು. ಅವನ ಒಳ್ಳೆಯ ಅಂಗಿ ಹಾಳಾಯಿತು.

"ಬಿಗಿಯಾಗಿ ಹಿಡ್ಕೋ."

"ಹಿಡ್ಕೊಂಡಿದ್ದೀನಿ ದೊಡ್ಡಮ್ಮ."

"ಬಿಡ್ಬೇಡ."

"ಇಲ್ಲ."

ನೀರು ಹನಿಹನಿಯಾಗುವ ತನಕ ತಿರುಚಿದಳು, ಹನಿ ನಿಂತ ಮೇಲೂ ತಿರುಚಿದಳು. ಅವನು ಸಾಕು ಎನ್ನಲಿಲ್ಲ. ಎಳೆದಾಟದಲ್ಲಿ ಅವಳ ಏಪ್ರನ್ನಿನ ದಾರ ಬಿಚ್ಚಿಕೊಂಡು ಕೆಳಗೆ ಜೋತಾಡುತ್ತಿತ್ತು. ಲಂಗವನ್ನು ಹಗ್ಗಕ್ಕೆ ಹರವಿ, ಕೈ ಒರೆಸಿಕೊಂಡು, ದಾರ ಕಟ್ಟಲು ಎರಡೂ ಕೈಗಳನ್ನು ಬೆನ್ನ ಹಿಂದಕ್ಕೆ ಒಯ್ದಳು. ಬೆರಳುಗಳು ಗಂಟಿನ ಮೊದಲ ಸುತ್ತನ್ನು ಹಾಕಿದವು, ಅಲ್ಲೇ ನಿಂತವು. ಆ ಸುತ್ತನ್ನು ಬಿಡಿಸಿ, ದಾರದ ಎರಡು ತುದಿಗಳನ್ನೂ ಸೊಂಟಕ್ಕೆ ಸಿಕ್ಕಿಸಿಕೊಂಡಳು.